ಐನೂರಾ ಒಂದು ರೂಪಾಯಿ ಮುಯ್ಯಿ

ನಮ್ಮೂರು ಮನ್ಮನೆಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಸುದ್ದಿ ಮೊದಲು ಮುಟ್ಟುವುದು ನಾಗಪ್ಪಣ್ಣನಿಗೆ. ಲಗ್ನಪತ್ರಿಕೆ ಅಚ್ಚಾಗುವುದಕ್ಕೂ ಮೊದಲು, ಹುಡುಗಿಗೆ ಸೀರೆ ತರುವುದಕ್ಕೂ ಮೊದಲು. ಯಾಕೆಂದರೆ ಚಪ್ಪರ ಹಾಕುವವನು ಅವನು. ಸಿದ್ದಾಪುರ ಪೇಟೆಯ ಶಾಮಿಯಾನದವರು ಫೋನ್ ಮಾಡಿದ ಎರಡು ತಾಸಿಗೆ ಬಂದು ಬಣ್ಣದ ಬಟ್ಟೆ ಕಟ್ಟಿ ಹೋಗುತ್ತಾರೆ, ನಿಜ. ಆದರೆ ನಾಗಪ್ಪಣ್ಣನ ಚಪ್ಪರದಡಿ ಒಮ್ಮೆ ಕೂತು ಉಂಡವರಿಗೆ ಆ ಬಟ್ಟೆಯ ಸೆಕೆ ತಡೆಯುವುದಿಲ್ಲ. ಅಡಿಕೆ ಮರದ ಕಂಬ, ಅಡ್ಡಕ್ಕೆ ಅದನ್ನೇ ಸೀಳಿದ ದಬ್ಬೆ, ಮೇಲೆ ಅಡಿಕೆ ಗರಿಯ ಸೋಗೆ. ಒಂದೇ ಒಂದು ಮೊಳೆ ಹೊಡೆಯುವುದಿಲ್ಲ, ಎಲ್ಲ ಗಂಟು. ಆ ಗಂಟು ಬೇರೆಯವರು ಬಿಚ್ಚಲು ಹೋದರೆ ಕತ್ತಿಯೇ ಬೇಕು. ಅದಕ್ಕೇ ನಮ್ಮಲ್ಲಿ ಚಪ್ಪರ ಕಟ್ಟಿದವನೇ ಬಂದು ಬಿಚ್ಚಬೇಕು ಅಂತ ಆಗಿಬಿಟ್ಟಿದೆ. ಮದುವೆಯಾದ ಐದನೇ ದಿನಕ್ಕೆ ಬರುತ್ತಾನೆ, ಬಿಚ್ಚುತ್ತಾನೆ, ಚಪ್ಪರದ ಲೆಕ್ಕದ ಕೊನೆಯ ಊಟ ಅಂತ ಒಂದು ಊಟ ಮಾಡಿ ಹೋಗುತ್ತಾನೆ.

ಕೂಲಿ ತೆಗೆದುಕೊಳ್ಳುವುದಿಲ್ಲ. ಅದು ಬಿಡಿ, ಕೈಯಿಂದ ಮುಯ್ಯಿಯನ್ನೂ ಹಾಕುತ್ತಾನೆ. ನಿಮ್ಮ ಮನೆಯ ಕಾರ್ಯಕ್ಕೆ ನಾನು ಹಾಕಿದ್ದನ್ನು ನನ್ನ ಮನೆಯ ಕಾರ್ಯಕ್ಕೆ ನೀವು ತಿರುಗಿ ಹಾಕುವುದು, ಅದೇ ಮುಯ್ಯಿ. ಎಷ್ಟೋ ಮನೆಗಳ ನಡುವೆ ಇದು ಅಜ್ಜಂದಿರ ಕಾಲದಿಂದ ಹೋಗುತ್ತ ಬರುತ್ತ ಇದೆ. ಯಾರು ಯಾರಿಗೆ ಹಾಕಬೇಕು ಎಂಬುದು ನಾಗಪ್ಪಣ್ಣನಿಗೆ ಬಾಯಿಪಾಠ.

ವಯಸ್ಸು ಐವತ್ತಮೂರು. ಊರಿಗೆಲ್ಲ ಅಣ್ಣ. ನಮ್ಮಪ್ಪನಿಗೂ ಅಣ್ಣ, ಹತ್ತೊಂಬತ್ತು ವರ್ಷದ ಹುಡುಗಿ ನನಗೂ ಅಣ್ಣ. ಎರಡು ಎಮ್ಮೆ, ಒಂದು ಹಳೆಯ ಬೈಕು, ಸ್ವಲ್ಪ ಗದ್ದೆ. ಹೆಂಡತಿ ಜಯಾ ತೀರಿಕೊಂಡು ಆರು ವರ್ಷ. ಒಬ್ಬಳೇ ಮಗಳು ಪ್ರತಿಭಕ್ಕ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ ಅಷ್ಟೇ, ಅದರಲ್ಲೂ ನಾನು ದಾಟುವುದಕ್ಕೆಂದೇ ಒಂದು ಕಂಡಿ.

ಪ್ರತಿಭಕ್ಕ ಶಿರಸಿಯಲ್ಲಿ ಓದಿದಳು. ಮಣ್ಣಿನ ಮೇಲೆ ಅವಳಿಗೆ ಎಷ್ಟು ಪ್ರೀತಿ ಅಂದರೆ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಗಳಲ್ಲಿ ಬೇರೆ ಬೇರೆ ಗದ್ದೆಯ ಮಣ್ಣು ತುಂಬಿಸಿ ಚೀಟಿ ಅಂಟಿಸಿದ್ದಳು. ಅದನ್ನೇ ಮುಂದೆ ಓದಲು ಬ್ರಿಟನ್ನಿನ ಒಂದು ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಊರಲ್ಲಿ ಒಂದು ವಾರ ಇದೇ ಮಾತು.

"ಮಣ್ಣು ನೋಡೂಕೆ ವಿಲಾಯ್ತಿಗೆ ಹೋಗ್ಬೇಕನೆ? ನಮ್ಮ ಗದ್ದೆಗೆ ಬಾ, ಬುಟ್ಟಿ ತುಂಬಿಸಿ ಕೊಡ್ತೆ" ಎಂದು ಮೇಲಿನ ಕೇರಿಯ ತಿಮ್ಮಜ್ಜಿ ಕೇಳಿದ್ದಕ್ಕೆ ನಾಗಪ್ಪಣ್ಣನೇ ಉತ್ತರ ಕೊಟ್ಟ. "ನಿನ್ನ ಗದ್ದೆ ಮಣ್ಣಿಗೆ ಎಂತ ಕಾಯಿಲೆ ಅಂತ ಕಲ್ತು ಬಂದು ನಿಂಗೇ ಹೇಳ್ತದೆ ಅದು. ಅಲ್ಲಿವರೆಗೆ ಸಾಯಬೇಡ."

ಸೀಟು ಸಿಕ್ಕರೆ ಸಾಕಾ? ಹೊರದೇಶದ ವಿದ್ಯಾರ್ಥಿಗೆ ಅಲ್ಲಿಯ ಫೀಸು ಅಲ್ಲಿಯವರಿಗಿಂತ ಎಷ್ಟೋ ಪಟ್ಟು. ಅದಕ್ಕೆ ಬ್ಯಾಂಕು ಶಿಕ್ಷಣ ಸಾಲ ಕೊಡಲು ಒಪ್ಪಿತು. ಉಳಿದದ್ದು ಅಲ್ಲಿ ಒಂಬತ್ತು ತಿಂಗಳು ಉಂಡು ಬಾಡಿಗೆ ಕಟ್ಟಿ ಬದುಕುವ ಖರ್ಚು. ಆ ಹಣ ನಮ್ಮ ಹತ್ತಿರ ಇದೆ ಅಂತ ವೀಸಾದವರಿಗೆ ಮೊದಲೇ ತೋರಿಸಬೇಕು. ನಾಗಪ್ಪಣ್ಣ ರಸ್ತೆಗೆ ತಾಗಿದ ಗದ್ದೆಯ ತುಂಡೊಂದನ್ನು ಕೊಟ್ಟ. ಬಂದ ಹಣ ಅವನ ಖಾತೆಗೆ ಬಿತ್ತು. ಅದೇ ಖಾತೆಗೆ ಡೇರಿಯ ಹಾಲಿನ ದುಡ್ಡೂ ಬರುತ್ತದೆ. ಅವನಿಗೆ ಇರುವುದೇ ಅದೊಂದು ಖಾತೆ.

ಈ ಕಾಗದದ ಕೆಲಸಕ್ಕೆಲ್ಲ ಶಿರಸಿಯ ಮಾಜ್ ಹತ್ತಿರ ಹೋದರು. ಅವನ ಅಪ್ಪ ನೂರ್ ಅಹ್ಮದ್ ಲಾರಿ ಬುಕಿಂಗ್ ಆಫೀಸ್ ನಡೆಸಿದ ಕೋಣೆಯಲ್ಲೇ ಮಾಜ್ ಈಗ ಟಿಕೆಟ್, ಪಾಸ್‌ಪೋರ್ಟ್, ವೀಸಾ ಮಾಡಿಕೊಡುತ್ತಾನೆ. ಅವನು ನಾಗಪ್ಪಣ್ಣನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದನಂತೆ.

"ನೋಡ್ರಿ ಕಾಕಾ, ಅವರು ಕೇಳೂದು ಹನ್ನೆರಡು ಲಕ್ಷದ ಅರವತ್ತು ಸಾವಿರ. ನಿಮ್ಮ ಖಾತೆಯಲ್ಲಿ ಅದಕ್ಕಿಂತ ನಾನೂರು ರೂಪಾಯಿ ಜಾಸ್ತಿ ಅದೆ. ಇಷ್ಟೂ ಹಣ ಇಪ್ಪತ್ತೆಂಟು ದಿನ ಹಾಗೇ ಕೂತಿರಬೇಕು. ಒಂದು ದಿನ, ಒಂದೇ ದಿನ ಕಮ್ಮಿ ಆದ್ರೂ ಹೋಯ್ತು. ತಿಳೀತಾ? ಈ ಖಾತೆ ಈಗ ಬಾಣಂತಿ ಇದ್ದ ಹಾಗೆ. ಯಾರೂ ಮುಟ್ಟೂಕಿಲ್ಲ."

"ಬಾಣಂತಿಗೆ ಬೆಚ್ಚಗೆ ಹೊದೆಸಿ ಇಡ್ತೆ ತಮ್ಮಾ" ಎಂದ ನಾಗಪ್ಪಣ್ಣ.

ಅವನ ಬೆಚ್ಚಗೆ ಎಂಥದ್ದು ಅಂತ ನಾವೆಲ್ಲ ನೋಡಿದೆವು. ಮೇ ನಾಲ್ಕಕ್ಕೆ ಎಣಿಕೆ ಶುರು. ಅವತ್ತಿನಿಂದ ಬೈಕಿಗೆ ಪೆಟ್ರೋಲ್ ಹಾಕಿಸಲಿಲ್ಲ, ಸಿದ್ದಾಪುರಕ್ಕೆ ನಡೆದು ಹೋದ. ಹೋಟೆಲಿನಲ್ಲಿ ಚಹಾ ಬಿಟ್ಟ. ಎಲೆ ಅಡಿಕೆಗೆ ನಮ್ಮಪ್ಪನ ಸಂಚಿಗೆ ಕೈ ಹಾಕಿದ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದ. ಹನ್ನೆರಡು, ಹದಿನೈದು, ಹದಿನೆಂಟು. ಇಪ್ಪತ್ತೆಂಟಕ್ಕೆ ತಂದು ನಿಲ್ಲಿಸಿದ. ಅವತ್ತು ಬ್ಯಾಂಕಿನಿಂದ ಖಾತೆಯ ಲೆಕ್ಕದ ಪಟ್ಟಿ ತೆಗೆಸಿದರು. ಮಾಜ್ ಆ ವಾರ ತಂಗಿ ಅರ್ಷಿಯಾಳ ಮದುವೆಗೆ ಯಲ್ಲಾಪುರಕ್ಕೆ ಹೋಗಿದ್ದರಿಂದ ಪ್ರತಿಭಕ್ಕ ಸಿದ್ದಾಪುರದಲ್ಲೇ ಕೂತು ಅರ್ಜಿ ತುಂಬಿ, ಪಟ್ಟಿ ಸೇರಿಸಿ ಕಳಿಸಿಬಿಟ್ಟಳು. ಪಟ್ಟಿಯ ಮೊದಲ ಸಾಲು ನೋಡಿದಳು, ಕೊನೆಯ ಸಾಲು ನೋಡಿದಳು. ಎರಡೂ ಸರಿ ಇತ್ತು.

ಜುಲೈನಲ್ಲಿ ಉತ್ತರ ಬಂತು. ವೀಸಾ ಇಲ್ಲ.

ಅವತ್ತು ಆ ಮನೆಯಲ್ಲಿ ಏನಾಯಿತು ಎಂಬುದು ನನಗೆ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಪ್ರತಿಭಕ್ಕ ಮೊಬೈಲಿನಲ್ಲಿ ಪತ್ರ ಓದಿದಳು. ಮೇ ಇಪ್ಪತ್ತೆರಡು ಮತ್ತು ಇಪ್ಪತ್ತಮೂರು, ಈ ಎರಡು ದಿನ ಖಾತೆಯಲ್ಲಿ ಬೇಕಾದಷ್ಟು ಹಣ ಇರಲಿಲ್ಲ ಎಂದು ಬರೆದಿತ್ತು. ಬ್ಯಾಂಕಿನ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದಳು. ನಾಗಪ್ಪಣ್ಣ ಎಮ್ಮೆ ಕರೆದು ಚೊಂಬು ಹಿಡಿದುಕೊಂಡು ಒಳಗೆ ಬಂದ.

"ಅಪ್ಪಾ, ಮೇ ಇಪ್ಪತ್ತೆರಡಕ್ಕೆ ಎಂತ ಇತ್ತು?"

ದಿನಾಂಕ ಕೇಳಿದರೆ ಅವನಿಗೆ ಮದುವೆಯೇ ನೆನಪಾಗುವುದು. "ಇಪ್ಪತ್ತೆರಡಕ್ಕಾ? ಮತ್ತಿಘಟ್ಟದಲ್ಲಿ ಸುನೀಲನ ಮದುವೆ. ಎಂತಕೆ?"

"ಮುಯ್ಯಿ ಹಾಕಿದ್ಯಾ?"

"ಹಾಕದೆ ಮತ್ತೆ? ಐನೂರಾ ಒಂದು. ಜೇಬಲ್ಲಿ ಐನೂರಿತ್ತು, ಚಪ್ಪರಕ್ಕೆ ಹಗ್ಗ ಕಮ್ಮಿ ಬಿತ್ತು ಅಂತ ಅದನ್ನ ಅಂಗಡಿಗೆ ಕೊಟ್ಟೆ. ಆಮೇಲೆ ಅಲ್ಲಿ ನಾ ಹಾಕಿದ ಕಂಬಕ್ಕೇ ಆ ಚೌಕದ ಚಿತ್ರ ಅಂಟಿಸಿಟ್ಟಿದ್ರು. ನೀನೇ ಕಲಿಸಿಕೊಟ್ಟಿದ್ಯಲೆ, ಮೊಬೈಲ್ ಹಿಡಿದ್ರೆ ಹೋಗ್ತದೆ ಅಂತ."

"ಅಪ್ಪಾ. ಒಂದು ರೂಪಾಯಿನೂ ಖರ್ಚು ಮಾಡಬೇಡ ಅಂತ ಹೇಳಿದ್ದೆ."

"ಖರ್ಚೆಲ್ಲಿ ಮಾಡಿದೆ ನಾನು? ಒಂದು ಚಾ ಕುಡಿಲಿಲ್ಲ. ಮುಯ್ಯಿ ಖರ್ಚಾ? ನಮ್ಮ ಹೊಸ ಮನೆ ಒಕ್ಕಲಿಗೆ ಸುನೀಲನ ಅಪ್ಪ ಹಾಕಿದ್ದ. ಅದು ಅವರದ್ದೇ ದುಡ್ಡು ಮಾರಾಯ್ತಿ. ನಮ್ಮ ಹತ್ರ ಇತ್ತು ಅಷ್ಟೆ."

ಪ್ರತಿಭಕ್ಕ ಪಟ್ಟಿಯ ಆ ಸಾಲನ್ನು ಅವನಿಗೆ ತೋರಿಸಿದಳಂತೆ. ನಾನೂರು ರೂಪಾಯಿ ಹೆಚ್ಚಿಗೆ ಇದ್ದ ಖಾತೆಯಿಂದ ಐನೂರಾ ಒಂದು ಹೋಯಿತು. ನೂರಾ ಒಂದು ರೂಪಾಯಿ ಕಡಿಮೆ. ಮೂರನೇ ದಿನ ಡೇರಿಯ ಹಾಲಿನ ದುಡ್ಡು ಬಂದು ಖಾತೆ ಮತ್ತೆ ಮೇಲೆದ್ದು ಕೂತಿತ್ತು. ಅವನು ಅದನ್ನು ಗಮನಿಸಲೇ ಇಲ್ಲ. ಗಮನಿಸುವಂಥದ್ದು ಏನೋ ಆಗಿದೆ ಅಂತಲೇ ಅವನಿಗೆ ಅನಿಸಿರಲಿಲ್ಲ.

ಅವನು ಚೊಂಬನ್ನು ನೆಲದ ಮೇಲಿಟ್ಟ. "ಆ ದುಡ್ಡಲ್ಲಿ ಅದೂ ಲೆಕ್ಕವಾ?" ಅಂತ ಕೇಳಿದ.

"ಹೌದು ಅಪ್ಪಾ."

ಅಲ್ಲಿಂದ ಆ ಮನೆಯಲ್ಲಿ ಮಾತು ಕಡಿಮೆಯಾಯಿತು.

ಈಗ ಒಂದು ವಿಷಯ. ಸುನೀಲ ಆ ಮದುಮಗನ ನಿಜವಾದ ಹೆಸರಲ್ಲ, ಮತ್ತಿಘಟ್ಟ ಅವನ ಊರೂ ಅಲ್ಲ. ಹುಡುಕಲು ಹೋಗಬೇಡಿ. ಅಪ್ಪ ಮಗಳು ಇಬ್ಬರೂ ಕೂತು ಮಾತಾಡದೆಯೇ ಒಂದು ತೀರ್ಮಾನಕ್ಕೆ ಬಂದಿದ್ದರು: ಇದನ್ನು ಯಾರಿಗೂ ಹೇಳಕೂಡದು. ಹೇಳಿದರೆ ಆ ಮನೆಯವರ ಕಿವಿಗೆ ಬೀಳುತ್ತದೆ. ನಮ್ಮ ಮದುವೆಯ ಮುಯ್ಯಿಯಿಂದ ಒಂದು ಹುಡುಗಿಯ ಓದು ನಿಂತಿತು ಅಂತ ಅವರಿಗೆ ಅನಿಸಬಾರದು. ಹೊಸ ಸೊಸೆ ಬಂದ ಮನೆ.

ಕಾರಣ ಹೇಳದಿದ್ದರೆ ಊರೇ ಒಂದು ಕಾರಣ ಮಾಡಿಕೊಳ್ಳುತ್ತದಲ್ಲ. "ಇಂಗ್ಲೀಷ್ ಸಮ ಬರಲಿಲ್ಲವಂತೆ" ಅಂತ ಒಬ್ಬರು. "ಮಾರ್ಕ್ಸ್ ಸಾಲಲಿಲ್ಲವಂತೆ, ಸುಮ್ಮನೆ ಗದ್ದೆ ಮಾರಿದ್ರು" ಅಂತ ಇನ್ನೊಬ್ಬರು. ಡೇರಿಯಲ್ಲಿ ಹಾಲಿನ ಸಾಲಿನಲ್ಲಿ ನಿಂತಾಗ ಯಾರೋ ನಾಗಪ್ಪಣ್ಣನ ಎದುರೇ ಹೇಳಿದರು, "ಹೆಣ್ಣುಮಕ್ಕಳಿಗೆ ಅಷ್ಟೆಲ್ಲ ಎತ್ತರ ತೋರಿಸೂಕಾಗ, ಬಿದ್ರೆ ಕಷ್ಟ." ಅವನು ಹಾಲು ಅಳೆಸಿಕೊಂಡು ಹೊರಟು ಬಂದ. ಹೆಣ್ಣು ಬೀಳಲಿಲ್ಲ, ಬೀಳಿಸಿದ್ದು ನಾನು ಅಂತ ಹೇಳುವುದಕ್ಕೆ ನಾಲಿಗೆ ತುದಿಗೆ ಬಂದಿತ್ತೋ ಏನೋ. ಪ್ರತಿಭಕ್ಕ ಅದೆಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಳು. ನಾನೇ ಒಮ್ಮೆ ಕೇಳಿದ್ದೆ, "ಅಕ್ಕಾ, ಇಂಗ್ಲೀಷ್ ಪರೀಕ್ಷೆ ಇನ್ನೊಮ್ಮೆ ಕಟ್ಟೂಕೆ ಬರ್ತದಾ?" ಅಂತ. "ನೋಡ್ವ" ಅಂದಳು. ಅವಳಿಗೆ ಆ ಪರೀಕ್ಷೆಯಲ್ಲಿ ಎಷ್ಟು ಬಂದಿತ್ತು ಗೊತ್ತಾ? ಹೇಳಿದರೆ ನಮ್ಮ ಕಾಲೇಜಿನ ಇಂಗ್ಲೀಷ್ ಮೇಷ್ಟ್ರು ಎದ್ದು ನಿಲ್ಲುತ್ತಾರೆ.

ಯುನಿವರ್ಸಿಟಿಯವರು ಸೀಟನ್ನು ಜನವರಿಗೆ ಮುಂದೂಡಿದರು. ಇನ್ನೊಂದು ಸಲ ಅರ್ಜಿ ಹಾಕಬಹುದು. ಆದರೆ ಅಷ್ಟರಲ್ಲಿ ಪೌಂಡಿನ ಬೆಲೆ ಏರಿ ಇಪ್ಪತ್ತು ಸಾವಿರ ಹೆಚ್ಚು ತೋರಿಸಬೇಕಾಯಿತು. ಅರ್ಜಿಯ ಶುಲ್ಕ ಬೇರೆ. ಪ್ರತಿಭಕ್ಕ ಸಿದ್ದಾಪುರದ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಲು ಸೇರಿದಳು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುವುದು, ಸಂಜೆ ಐದೂವರೆಗೆ ಬರುವುದು. ಬಂದ ಮೇಲೆ ಅವಳು ಅಟ್ಟದ ಮೇಲೆ, ಅವನು ಕೊಟ್ಟಿಗೆಯಲ್ಲಿ. ನಾನು ಕಂಡಿ ದಾಟಿ ಹೋದರೆ ಇಬ್ಬರೂ ನನ್ನೊಡನೆ ಮಾತಾಡುವರು, ತಮ್ಮತಮ್ಮಲ್ಲಿ ಮಾತಿಲ್ಲ. "ತುಷಾರ, ನಿನ್ನ ಅಕ್ಕಂಗೆ ಊಟಕ್ಕೆ ಬರೂಕೆ ಹೇಳು" ಅಂತ ನಾಗಪ್ಪಣ್ಣ ನನಗೆ ಹೇಳುವುದು, ಅವಳು ನಾಲ್ಕೇ ಮೆಟ್ಟಿಲ ಮೇಲಿದ್ದಾಳೆ! ಜಗಳವೇ ಇರಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ ಅನ್ನುವುದೇ ಅವನಿಗೆ ತಡೆಯಲಿಲ್ಲ ಅಂತ ಈಗ ನನಗೆ ಕಾಣುತ್ತದೆ. ಬೈದರೆ ಅಪ್ಪ ಕುಗ್ಗುತ್ತಾನೆ ಅಂತ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಒಂದು ಸೂರಿನಡಿ ಇಬ್ಬರೂ ಒಂಟಿ.

ನವೆಂಬರ್ ಆರಕ್ಕೆ ಎರಡನೇ ಎಣಿಕೆ ಶುರುವಾಯಿತು. ಈ ಸಲ ಪ್ರತಿಭಕ್ಕನ ಸಂಬಳವೂ ಸೇರಿ ಖಾತೆಯಲ್ಲಿ ಬೇಕಾದ್ದಕ್ಕಿಂತ ಹದಿನೈದು ಸಾವಿರ ಹೆಚ್ಚೇ ಇತ್ತು. ಮೊದಲ ದಿನವೇ ನಾಗಪ್ಪಣ್ಣ ತನ್ನ ಮೊಬೈಲನ್ನು ತಂದು ಮಗಳ ಕೈಗೆ ಕೊಟ್ಟ.

"ಇದು ನಿನ್ನ ಹತ್ರ ಇರಲಿ."

"ಎಂತಕೆ ಅಪ್ಪಾ? ಬೇಕಿದ್ರೆ ಪೇ ಮಾಡೂದು ಮಾತ್ರ ತೆಗೀತೆ. ಫೋನ್ ಇಟ್ಕೊ."

"ಬೇಡ. ನನ್ನ ಕೈ ನಂಗೇ ನಂಬಿಕೆ ಇಲ್ಲ."

ತುಳಸಿ ಹಬ್ಬ ಮುಗಿದಿತ್ತು. ತುಳಸಿ ಹಬ್ಬ ಮುಗಿದರೆ ನಮ್ಮ ಕಡೆ ಮದುವೆಗಳ ಬಾಗಿಲು ತೆರೆದ ಹಾಗೆ. ನವೆಂಬರ್ ತುಂಬ ಲಗ್ನ. ಜನ ಎಂದಿನಂತೆ ಹುಡುಕಿಕೊಂಡು ಬಂದರು.

"ನಾಗಪ್ಪಣ್ಣ, ಹನ್ನೊಂದಕ್ಕೆ ಚಪ್ಪರ. ಬೆಳಿಗ್ಗೆ ಬಂದ್ಬಿಡು, ಫೋನ್ ಎಂತಕೆ ಹೋಗ್ತಾ ಇಲ್ಲ ನಿಂದು?"

"ಸೊಂಟ ಹಿಡಿದದೆ ಮಾರಾಯ. ಈ ಸಲ ಆಗೂದಿಲ್ಲ."

"ನೀ ಬಂದು ಸುಮ್ನೆ ಕೂತು ಹೇಳು, ಹುಡುಗ್ರು ಕಟ್ತಾರೆ."

"ಇಲ್ಲ. ಕೂರೂಕೂ ಆಗೂದಿಲ್ಲ."

ಮೊದಲನೆಯವರು ನಂಬಿದರು. ಎರಡನೆಯವರು ಸೊಂಟ ಹಿಡಿದವನು ಹುಲ್ಲಿನ ಹೊರೆ ಹೊತ್ತು ಬರುವುದನ್ನು ಕಣ್ಣಾರೆ ಕಂಡರು. ಮೂರನೆಯವರು ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಹೋದರು, ಕೂಗಲಿಲ್ಲ. "ಮಗಳು ವಿಲಾಯ್ತಿಗೆ ಹೋಗೂ ಮೊದಲೇ ಅಪ್ಪ ಹೋಗಿ ಕೂತಾನೆ ಅಲ್ಲಿ" ಅಂತ ಒಂದು ಮಾತು ಹುಟ್ಟಿತು. ಮದುವೆಗೆ ಹೋಗುವುದಿಲ್ಲ, ಚಪ್ಪರಕ್ಕಿಲ್ಲ, ಮುಯ್ಯಿ ಇಲ್ಲ. ನಾಲ್ಕು ಮದುವೆ ಹೀಗೆ ಕಳೆದವು. ಅದೂ ಯಾವುದು? ತಲೆಮಾರಿನಿಂದ ಮುಯ್ಯಿ ಹೋಗಿ ಬಂದು ಮಾಡಿದ ಮನೆಗಳು. ಸಂಜೆ ಕಡೆ ವಾಲಗದ ಸದ್ದು ಗದ್ದೆ ದಾಟಿ ಬಂದರೆ ನಾಗಪ್ಪಣ್ಣ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಎಮ್ಮೆಗೆ ಎಷ್ಟು ಸಲ ನೀರು ತೋರಿಸುವುದು? ಅವು ಕುಡಿಯುತ್ತಲೇ ಇರಲಿಲ್ಲ.

ಪ್ರತಿಭಕ್ಕ ತಡೆಯಲಾರದೆ ಒಂದು ದಿನ ಹೇಳಿದಳಂತೆ. "ಅಪ್ಪಾ, ಹದಿನೈದು ಸಾವಿರ ಮೇಲಿದೆ. ಐನೂರು ಹಾಕಿದ್ರೆ ಎಂತ ಆಗೂದಿಲ್ಲ. ಹೋಗಿ ಬಾ."

"ಹೋದ ಸಲನೂ ಎಂತ ಆಗೂದಿಲ್ಲ ಅಂತಲೇ ಹಾಕಿದ್ದು."

"ಹಂಗಾರೆ ಮುಯ್ಯಿ ಹಾಕದೇ ಹೋಗು. ಚಪ್ಪರ ಹಾಕಿ, ಉಂಡು ಬಾ."

"ಬರಿ ಕೈಯಲ್ಲಿ ಹೋಗಿ ಎಲೆ ಮುಂದೆ ಕೂರೂದಾ?" ಅವನು ಮಗಳ ಮುಖ ನೋಡಿದನಂತೆ, ಬಹಳ ದಿನದ ಮೇಲೆ. "ಇಪ್ಪತ್ತೆಂಟು ದಿನ ತಾನೆ. ಆ ಮೇಲೆ ಕಾಣ್ವ."

ಐದನೆಯ ಮದುವೆ ನಮ್ಮ ಮನೆಯದು. ನನ್ನ ಅಕ್ಕ ಕಾವ್ಯಶ್ರೀದು, ನವೆಂಬರ್ ಇಪ್ಪತ್ತೆಂಟಕ್ಕೆ.

ಇಪ್ಪತ್ತಾರಕ್ಕೆ ಚಪ್ಪರ. ಕಂಬ ಬಂದಿತ್ತು, ಸೋಗೆ ಬಂದಿತ್ತು, ಕಟ್ಟುವವನಿಲ್ಲ. ಬೇಲಿಯ ಆಚೆ ಅವನ ಮನೆ, ಈಚೆ ನಮ್ಮ ಅಂಗಳ. ನನ್ನ ಅಮ್ಮ ರೋಹಿಣಿಗೆ ಸಿಟ್ಟು ಬಂದಿತ್ತು. "ಹೋಗೇ ತುಷಾರ, ನೀನೇ ಹೋಗಿ ಕೇಳು. ಕಾವ್ಯನ್ನ ತೊಟ್ಟಿಲಿಗೆ ಹಾಕೂಕೆ ತೊಟ್ಟಿಲು ಕಟ್ಟಿದವ ಅವ. ಈಗ ಬರೂದಿಲ್ಲ ಅಂದ್ರೆ ಎಂತ ಅಂತ ನಂಗೂ ಗೊತ್ತಾಗ್ಬೇಕು."

ನಾನು ಕಂಡಿ ದಾಟಿದೆ. ಅವನು ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತು ಒಂದು ಹಗ್ಗದ ತುಂಡಿಗೆ ಗಂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ. ನಮ್ಮ ಅಂಗಳದ ಗಲಾಟೆ ಅಲ್ಲಿಗೆ ಪೂರ್ತಿ ಕೇಳುತ್ತಿತ್ತು. ಯಾರೋ ಕಂಬ ನೆಟ್ಟು, ಅದು ವಾಲಿ, ಎಲ್ಲರೂ ಹೋ ಅಂದರು.

"ಹೊಂಡ ಸಾಲಲಿಲ್ಲ" ಎಂದ ನಾಗಪ್ಪಣ್ಣ, ನನಗಲ್ಲ, ಗಾಳಿಗೆ.

"ನಾಗಪ್ಪಣ್ಣ, ಅಮ್ಮ ಕರೀತದೆ."

"ಸೊಂಟ..."

"ಸುಳ್ಳು ಹೇಳ್ಬೇಡ. ಬೆಳಿಗ್ಗೆ ನೀ ಬಾವಿಯಿಂದ ಎಂಟು ಕೊಡ ನೀರು ಸೇದಿದ್ದು ನಾ ಎಣಿಸಿದ್ದೆ."

ಅವನು ನಕ್ಕ. ಆ ತಿಂಗಳಲ್ಲಿ ಅವನು ನಕ್ಕಿದ್ದು ನಾನು ನೋಡಿದ್ದು ಅದೊಂದೇ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎದ್ದ.

"ಚಪ್ಪರ ಹಾಕಿ ಕೊಡ್ತೆ. ಮದುವೆಗೆ ಬರೂದಿಲ್ಲ. ಎಂತಕೆ ಅಂತ ಯಾರೂ ಕೇಳೂಕಾಗ. ನಿನ್ನ ಅಮ್ಮಂಗೆ ಮೊದಲು ಇದನ್ನ ಹೇಳಿ ಬಾ, ಆಮೇಲೆ ಬತ್ತೆ."

ಅಮ್ಮ ತುಟಿ ಕಚ್ಚಿಕೊಂಡು ಆಯಿತು ಅಂದಳು.

ಬಂದ. ವಾಲಿದ ಕಂಬ ಕಿತ್ತು ಹೊಂಡ ಆಳ ಮಾಡಿಸಿದ. ಹುಡುಗರೆಲ್ಲ ಅವನ ಸುತ್ತ ಓಡಾಡಿದರು, ಆದರೆ ಎಂದಿನ ಗದ್ದಲ ಇಲ್ಲ, ಬೈಗುಳ ಇಲ್ಲ. ಮೊದಲೆಲ್ಲ ಚಪ್ಪರದ ದಿನ ಅಂದರೆ ನಾಗಪ್ಪಣ್ಣನ ಬಾಯಿಗೆ ಸಿಗದ ಜನವೇ ಇರುತ್ತಿರಲಿಲ್ಲ. "ಏ ಮದುಮಗಳೆ, ಗಂಡ ಎತ್ತರವಾ ಗಿಡ್ಡವಾ ಹೇಳು, ಆ ಲೆಕ್ಕಕ್ಕೆ ಬಾಗಿಲು ಇಡ್ತೆ" ಅಂತೆಲ್ಲ ಕೂಗುವವನು. ಅವತ್ತು ಮಧ್ಯಾಹ್ನ ಎರಡರ ಹೊತ್ತಿಗೆ ಕೊನೆಯ ಸೋಗೆ ಹಾಸಿ ಕೆಳಗಿಳಿದ. ಅಮ್ಮ ಬೆಲ್ಲ ನೀರು ತಂದಳು. ಮುಟ್ಟಲಿಲ್ಲ. ಕೈ ತೊಳೆದು ಕಂಡಿ ದಾಟಿ ಹೋದ. ಅಂಗಳದ ತುಂಬ ಜನ ಅದನ್ನು ನೋಡುತ್ತಿದ್ದರು.

ಅಷ್ಟು ಚೆಂದದ ಚಪ್ಪರ ಅವನು ಯಾರಿಗೂ ಕಟ್ಟಿರಲಿಲ್ಲ. ಮದುವೆಯ ದಿನ ಒಳಗೆ ಹಸಿರು ನೆರಳು, ಸೋಗೆಯ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿ. ಊಟದ ಪಂಕ್ತಿಯಲ್ಲಿ ಜನ ಮೇಲೆ ನೋಡಿ ಹೊಗಳಿದರು, ಆಮೇಲೆ ಬೇಲಿ ಕಡೆ ನೋಡಿ ಬೇರೆ ಮಾತಾಡಿದರು.

ಅಮ್ಮ ಎರಡು ಎಲೆಯ ಊಟವನ್ನು ಬುತ್ತಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಹೋದರೆ ನಾಗಪ್ಪಣ್ಣ ಕೊಟ್ಟಿಗೆಯಲ್ಲಿದ್ದ. ಪ್ರತಿಭಕ್ಕ ಅಡುಗೆಮನೆಯಲ್ಲಿ ಗಂಜಿ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಹೋಳಿಗೆ, ಬೇಲಿ ಆಚೆ ಗಂಜಿ! ನನಗೆ ಅಳು ಬಂತು, ಸಿಟ್ಟೂ ಬಂತು. "ಎಂತ ಅಕ್ಕಾ ಇದು? ನಾವೆಂತ ಮಾಡಿದ್ದು ನಿಮಗೆ?" ಅಂತ ಕೂಗಿದೆ. ಆಗ ಹೇಳಿದಳು. ಗೋಡೆಯ ಕ್ಯಾಲೆಂಡರ್ ತೋರಿಸುತ್ತ ಎಲ್ಲ ಹೇಳಿದಳು. ಇಪ್ಪತ್ತಮೂರು ಗೀಟು ಆಗಿತ್ತು.

"ನಂಗೆ ವೀಸಾ ಸಿಗ್ತದೋ ಇಲ್ವೋ ತುಷಾರ. ಸಿಗದಿದ್ರೆ ನಾ ಹೇಗೋ ಬದುಕ್ತೆ, ಶಾಲೆ ಇದೆ. ಅಪ್ಪ ಮಾತ್ರ ಆ ಮೇಲೆ ಯಾರ ಚಪ್ಪರಕ್ಕೂ ಹೋಗೂದಿಲ್ಲ. ಅದು ನಂಗೆ ಗೊತ್ತಿದೆ." ಗಂಜಿಯ ಪಾತ್ರೆ ಕೆಳಗಿಳಿಸಿ, "ನೀ ಯಾರಿಗೂ ಹೇಳೂಕಾಗ" ಅಂದಳು.

ಹೇಳಲಿಲ್ಲ. ಡಿಸೆಂಬರ್ ಮೂರಕ್ಕೆ ಇಪ್ಪತ್ತೆಂಟು ತುಂಬಿತು. ಈ ಸಲ ಮಾಜ್ ಪಟ್ಟಿಯನ್ನು ಸಾಲು ಸಾಲು ನೋಡಿ, ಸ್ಕೇಲ್ ಇಟ್ಟು ಎರಡು ಸಲ ನೋಡಿ ಕಳಿಸಿದನಂತೆ. ಖಾತೆಯಿಂದ ಒಂದು ಪೈಸೆ ಹೊರಗೆ ಹೋಗಿರಲಿಲ್ಲ. "ಕಾಕಾ, ನನ್ನ ಸರ್ವೀಸಲ್ಲಿ ಇಷ್ಟು ಸ್ವಚ್ಛ ಪಟ್ಟಿ ನೋಡಿಲ್ಲ ನಾನು. ಮಠದಲ್ಲಿದ್ರಾ ಹೆಂಗೆ?" ಅಂತ ತಮಾಷೆ ಮಾಡಿದನಂತೆ.

ಡಿಸೆಂಬರ್ ಇಪ್ಪತ್ತೊಂದಕ್ಕೆ ವೀಸಾ ಬಂತು.

ಪ್ರತಿಭಕ್ಕ ಹೊರಟದ್ದು ಜನವರಿ ಎಂಟಕ್ಕೆ, ಸಿದ್ದಾಪುರದಿಂದ ಬೆಂಗಳೂರು ಬಸ್ಸಿಗೆ. ಬಸ್‌ಸ್ಟ್ಯಾಂಡಿಗೆ ಬಂದದ್ದು ನಾವು ಮೂರೇ ಜನ: ನಾಗಪ್ಪಣ್ಣ, ಅಮ್ಮ, ನಾನು. ಮೊದಲಾಗಿದ್ದರೆ ಅರ್ಧ ಮನ್ಮನೆ ಬರುತ್ತಿತ್ತು. ಅವಳು ಬ್ಯಾಗಿನೊಳಗೆ ಹಾರ್ಲಿಕ್ಸ್ ಬಾಟಲಿ ಒಂದನ್ನು ಇಟ್ಟುಕೊಂಡಿದ್ದಳು. ಏರ್‌ಪೋರ್ಟಿನಲ್ಲಿ ಮಣ್ಣು ಬಿಡುವುದಿಲ್ಲ ಅಂತ ಗೊತ್ತಾಗಿ ಕೊನೆಗೆ ನನ್ನ ಕೈಗೆ ಕೊಟ್ಟಳು. ಬಸ್ಸು ಹತ್ತುವ ಮೊದಲು ಅಪ್ಪನ ಮೊಬೈಲನ್ನು ಅವನ ಅಂಗಿಯ ಜೇಬಿಗೆ ಹಾಕಿ, ಮೇಲಿಂದ ತಟ್ಟಿದಳು.

"ಇನ್ನು ಹಾಕು ಅಪ್ಪಾ. ಯಾರಿಗೆಲ್ಲ ಹಾಕ್ಬೇಕೋ ಹಾಕು."

ಅವನು ಬಸ್ಸಿನ ಕಿಟಕಿಯ ಸರಳನ್ನು ಹಿಡಿದುಕೊಂಡು, ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಹಾಗೇ ನಡೆದ.

ಮಾರನೇ ದಿನದಿಂದ ಅವನ ಒಂದು ಪ್ರಯಾಣ ಶುರುವಾಯಿತು. ಬಿಳಿ ಅಂಗಿ ಹಾಕಿಕೊಂಡು, ಲಕೋಟೆಯಲ್ಲಿ ಐನೂರಾ ಒಂದು ಇಟ್ಟುಕೊಂಡು, ತಪ್ಪಿದ ಮದುವೆಗಳ ಮನೆಗೆ ಒಬ್ಬನೇ ಹೋದ. ದಿನಕ್ಕೊಂದು ಮನೆ. ಮೊದಲನೆಯ ಮನೆಯಲ್ಲಿ ಚಹಾ ಕೊಟ್ಟು ಲಕೋಟೆ ತೆಗೆದುಕೊಂಡರು, ಮದುವೆಯ ಫೋಟೋ ತೋರಿಸಲಿಲ್ಲ. ಎರಡನೆಯ ಮನೆಯಲ್ಲಿ ಮುದುಕನೊಬ್ಬ ಜಗಲಿಯಿಂದಲೇ ಹೇಳಿದ, "ಮುಯ್ಯಿ ಹಾಕೂದು ಚಪ್ಪರದಡಿಗೆ ನಾಗಪ್ಪ. ಬಾಗಿಲಲ್ಲಿ ಕೊಟ್ರೆ ಅದು ಮುಯ್ಯಿ ಅಲ್ಲ, ದಾನ. ನಮಗೆ ದಾನ ಬೇಡ." ಅಲ್ಲಿಂದ ಲಕೋಟೆ ವಾಪಸು ಬಂತು. ಮೂರನೆಯ ಮನೆಯವರು ತೆಗೆದುಕೊಂಡರು, ನಾಲ್ಕನೆಯವರು ಮನೆಯಲ್ಲಿದ್ದೂ ಇಲ್ಲ ಅನ್ನಿಸಿದರು. ಕಾರಣ ಹೇಳಿಬಿಟ್ಟಿದ್ದರೆ ಎಲ್ಲರೂ ಕೈ ಹಿಡಿದು ಒಳಗೆ ಕರೆಯುತ್ತಿದ್ದರು. ಹೇಳಲಿಲ್ಲ. ಮತ್ತಿಘಟ್ಟದ ಆ ಹೊಸ ಸೊಸೆ ಈಗ ಬಸುರಿಯಂತೆ.

ಆದರೆ ನಾನು ಹೇಳಿದ್ದೆ. ಒಬ್ಬಳಿಗೇ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದ ಸಂಜೆ ನನ್ನ ಹೊಟ್ಟೆಯಲ್ಲಿ ಇನ್ನು ನಿಲ್ಲುವುದಿಲ್ಲ ಅನಿಸಿ ಅಮ್ಮನ ಹತ್ತಿರ ಎಲ್ಲ ಹೇಳಿಬಿಟ್ಟೆ. ಅಮ್ಮ ಕಡುಬಿಗೆ ಹಿಟ್ಟು ಕಲಸುತ್ತಿದ್ದಳು. ಕೇಳಿದಳು, ಕೈ ನಿಂತಿತು, ಮತ್ತೆ ಕಲಸಿದಳು.

ಈಗ ನಮ್ಮ ಅಂಗಳದ ಕಥೆ ಹೇಳಬೇಕು. ಅಕ್ಕನ ಮದುವೆಯಾಗಿ ಆಗಲೇ ಆರು ವಾರ. ಚಪ್ಪರ ಹಾಗೇ ನಿಂತಿತ್ತು. ಐದನೇ ದಿನ ನಾಗಪ್ಪಣ್ಣ ಬರಲಿಲ್ಲ, ಕರೆಯಲು ಅಮ್ಮನಿಗೆ ಸಿಟ್ಟು. ಬೇರೆಯವರಿಂದ ಬಿಚ್ಚಿಸಲು ಮನಸ್ಸಿಲ್ಲ. ಸೋಗೆ ಒಣಗಿ ಕಂದು ತಿರುಗಿತ್ತು, ಗಾಳಿ ಬಂದರೆ ಬರಬರ ಅನ್ನುತ್ತಿತ್ತು. ದಾರಿಯಲ್ಲಿ ಹೋಗುವವರು, "ಎಂತ ರೋಹಿಣಿ, ಎರಡನೇ ಮಗಳದ್ದೂ ಇದ್ರಲ್ಲೇ ಮುಗಿಸ್ತ್ಯಾ?" ಅಂತ ಕೇಳಿ ನನ್ನ ಮಾನ ಕಳೆಯುತ್ತಿದ್ದರು. ಅವತ್ತು ಸಂಜೆ ಅಪ್ಪ, "ನಾಳೆ ಯಾರಾದ್ರೂ ಆಳು ಕರೆದು ಕಡಿಸಿಬಿಡ್ತೆ, ಬೆಂಕಿಕಡ್ಡಿ ಬಿದ್ರೆ ಮನೆನೇ ಹೋಗ್ತದೆ" ಅಂದ.

"ಮುಟ್ಟೂಕಾಗ" ಎಂದಳು ಅಮ್ಮ. "ಕಟ್ಟಿದವ ಬರಲಿ."

ಅವನು ಬಂದದ್ದು ಜನವರಿ ಹದಿನಾಲ್ಕಕ್ಕೆ. ಉಳಿದ ನಾಲ್ಕು ಮನೆ ಮುಗಿಸಿ, ಕೊನೆಗೆ ನಮ್ಮ ಮನೆ. ಕಂಡಿಯಲ್ಲಿ ಬರಲಿಲ್ಲ, ರಸ್ತೆ ಸುತ್ತಿ, ಎದುರಿನ ಬೇಲಿಬಾಗಿಲ ದಣಪೆ ದಾಟಿ, ನೆಂಟರು ಬಂದ ಹಾಗೆ ಬಂದ. ಅಂಗಳದ ಅಂಚಿನಲ್ಲಿ ನಿಂತು ಚಪ್ಪರವನ್ನು ನೋಡಿದ. ಅದು ಇನ್ನೂ ಇದೆ ಅಂತ ಬೇಲಿಯ ಆಚೆಯಿಂದ ದಿನವೂ ಕಂಡಿರಬೇಕು. ಆದರೂ ಈಗಲೇ ಕಂಡವನ ಹಾಗೆ ನೋಡಿದ.

ಅಮ್ಮ ಹೊರಗೆ ಬಂದಳು. ಅವನು ಜೇಬಿನಿಂದ ಲಕೋಟೆ ತೆಗೆದ.

"ರೋಹಿಣಿ, ತಡ ಆತು."

"ಅಲ್ಲೇ ನಿಂತು ಕೊಡೂದಾ? ಒಳಗೆ ಬಾ. ಚಪ್ಪರ ಇದೆಯಲ್ಲ."

ಅವನು ಒಣಗಿದ ಸೋಗೆಯ ಅಡಿಗೆ ಬಂದ. ಅಮ್ಮ ಕಾವ್ಯಕ್ಕನ ಮದುವೆಯಲ್ಲಿ ಮುಯ್ಯಿಗೆ ಇಟ್ಟಿದ್ದ ಹಿತ್ತಾಳೆ ಹರಿವಾಣವನ್ನೇ ತಂದು ಹಿಡಿದಳು, ಕುಂಕುಮ ಅಕ್ಷತೆ ಸಮೇತ. ಕಾವ್ಯಕ್ಕ ಗಂಡನ ಮನೆಯಲ್ಲಿ. ಹರಿವಾಣಕ್ಕೆ ಅಕ್ಷತೆ ಹಾಕಿ, ಇಲ್ಲದ ಮದುಮಕ್ಕಳ ಕಡೆಗೂ ನಾಲ್ಕು ಕಾಳು ಎರಚಿ, ನಾಗಪ್ಪಣ್ಣ ಲಕೋಟೆ ಇಟ್ಟ.

ಅಮ್ಮ ಒಂದೇ ಎಲೆ ಹಾಕಿದಳು, ಚಪ್ಪರದ ನಡುವೆ. ಇನ್ನೂರು ಜನ ಉಂಡ ಜಾಗದಲ್ಲಿ ಒಬ್ಬನೇ ಕೂತ. ಮಾಡಿದ್ದು ಅನ್ನ, ಸಾರು, ಒಂದು ಪಲ್ಯ, ಮತ್ತೆ ಹೋಳಿಗೆ. ಹೋಳಿಗೆ ಬಡಿಸುವಾಗ ಅಮ್ಮ, "ವಿಲಾಯ್ತಿಯಿಂದ ಫೋನ್ ಬಂತಾ?" ಅಂತ ಕೇಳಿದಳು.

"ಬಂತು. ಅಲ್ಲಿ ಮಣ್ಣೇ ಕಾಣ್ತಾ ಇಲ್ವಂತೆ. ಎಲ್ಲ ಹಿಮ ಮುಚ್ಚಿದೆಯಂತೆ."

"ಕರಗ್ತದೆ."

"ಹೂಂ."

ಅವಳಿಗೆ ಗೊತ್ತಿದೆ ಅಂತ ಅವನಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಅಮ್ಮನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೈ ತೊಳೆದು ಏಣಿ ಇಟ್ಟು ಹತ್ತಿದ. ಒಂದೊಂದೇ ಗಂಟು. ಎಳೆಯಬೇಕಾದ ಕಡೆ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತಿತ್ತು, ಕತ್ತಿ ಬೇಕಾಗಲಿಲ್ಲ. ನಾನು ಕೆಳಗೆ ನಿಂತು ಹಗ್ಗ ಸುತ್ತಿದೆ. ಸೋಗೆ ಬಿದ್ದ ಹಾಗೆಲ್ಲ ಅಂಗಳಕ್ಕೆ ಬಿಸಿಲು ಬಂತು. ಕೊನೆಯ ಕಂಬ ಕಿತ್ತು, ಹೊಂಡಕ್ಕೆ ಮಣ್ಣು ತುಂಬಿ, ಕಾಲಿನಿಂದ ಒತ್ತಿದ.

ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಕಂಡಿ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಆಚೆಯಿಂದ ಎಮ್ಮೆಗಳಿಗೆ ಏನೋ ಗದರಿಸುವುದು ಕೇಳಿತು. ಆ ಮನೆಯಲ್ಲಿ ಮಾತಾಡಲು ಈಗ ಅವೆರಡೇ.